ಕೋಣದ ಹೊಟ್ಟೆಯ ಹೆಪ್ಪು

ಮುದ್ದಕ್ಕನ ದನ ಬಿದ್ದಿದೆ ಎಂಬ ಕೂಗು ಕೇಳಿದಾಗ ಸ್ವರ್ಣಲತಾ ಬಾಳೆಕಾಯಿ ಹೆಚ್ಚುತ್ತಿದ್ದಳು. ಕೈಯ ಸೊನೆ ಸೀರೆಗೆ ಒರೆಸಿಕೊಂಡು ಬೇಲಿ ದಾಟಿ ಓಡಿದಳು. ಕೂಳೂರಿನ ಹೊಳೆಬದಿಯ ಆ ಓಣಿಯಲ್ಲಿ ದನಕಟ್ಟುವ ಹಟ್ಟಿ ಅಂತ ಉಳಿದದ್ದು ಎರಡೇ. ಒಂದರಲ್ಲಿ ಮುದ್ದಕ್ಕನ ಒಂದೇ ಒಂದು ದನ, ಬೊಳ್ಳಿ. ಇನ್ನೊಂದು ಸ್ವರ್ಣಲತಾಳ ಮನೆಯ ಹಿಂದೆ. ಅಲ್ಲಿ ಫ್ಯಾನಿನ ಗಾಳಿಗೆ ಮೈಯೊಡ್ಡಿ, ಎಣ್ಣೆ ಹಚ್ಚಿಸಿಕೊಂಡು ನಿಂತಿರುತ್ತಿದ್ದವು ಅವಳ ಗಂಡ ತಾರಾನಾಥನ ಕಂಬಳದ ಕೋಣಗಳು, ಕಾಟಿ ಮತ್ತು ಅದರ ಜೊತೆಯದು.

ಬೊಳ್ಳಿ ಕುತ್ತಿಗೆಯನ್ನು ಪಕ್ಕೆಗೆ ಮಡಚಿ ಮಲಗಿತ್ತು. ಬಾಯಿಂದ ಹುಳಿ ವಾಸನೆ. ಪಕ್ಕದಲ್ಲೊಂದು ನೀಲಿ ಡ್ರಮ್ಮು, ತಳದಲ್ಲಿ ಅನ್ನ ಮತ್ತು ಪಾಯಸ. ಡ್ರಮ್ಮು ಯಾರದ್ದೆಂದು ಕೇಳುವ ಅಗತ್ಯವಿರಲಿಲ್ಲ, ಬಿಜೈಯಲ್ಲಿರುವ ತಾರಾನಾಥನ ಮದುವೆ ಹಾಲ್‌ನ ಹೆಸರು ಅದರ ಮೇಲೆಯೇ ಇತ್ತು. ಮದುವೆಯಲ್ಲಿ ಉಳಿದ ಊಟ ದನದ ಹೊಟ್ಟೆ ಸೇರಿದರೆ ಪುಣ್ಯ ಎಂದು ಅವನು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ. ಹಿಂದಿನ ದಿನ ಮುದ್ದಕ್ಕ ಆಸ್ಪತ್ರೆಗೆಂದು ಅತ್ತಾವರಕ್ಕೆ ಹೋಗಿದ್ದಾಗ ಹಾಲ್‌ನ ಪಿಕಪ್ಪಿನವರು ಬಂದು ಡ್ರಮ್ಮನ್ನು ದನದ ಮೂತಿಯ ಮುಂದೆಯೇ ಇಳಿಸಿ ಹೋಗಿದ್ದರು.

ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ಪಶುವೈದ್ಯೆ ರಿಝ್ವಾನಾ ಬಂದಳು. ಬಾಯಿಯೊಳಗೆ ಕೊಳವೆ ಇಳಿಸಿ, ಹುಳಿ ನೀರನ್ನೆಲ್ಲ ಹೊರಗೆ ತೆಗೆದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹೊಟ್ಟೆ ತೊಳೆದು ಮುಗಿಸಿದಳು.

"ಬದುಕ್ತದಾ ಡಾಕ್ಟ್ರೇ?" ಸ್ವರ್ಣಲತಾ ಕೇಳಿದಳು.

"ತೊಳೆದದ್ದೇನೋ ಆಯ್ತು ಆಂಟಿ. ಆದ್ರೆ ಒಳಗೆ ಕೆಲಸ ಮಾಡುವವರೇ ಸತ್ತು ಹೋಗಿದ್ದಾರಲ್ಲ?"

"ಯಾರು ಸತ್ತದ್ದು?" ದನದ ತಲೆಯ ಹತ್ತಿರ ಕೂತಿದ್ದ ಮುದ್ದಕ್ಕ ಬೆಚ್ಚಿಬಿದ್ದಳು.

ರಿಝ್ವಾನಾ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಹುಲ್ಲನ್ನು ಅರಗಿಸ್ಲಿಕ್ಕೆ ದನಕ್ಕೆ ಸ್ವತಃ ಆಗುದಿಲ್ಲ ಮುದ್ದಕ್ಕ. ಹೊಟ್ಟೆಯಲ್ಲಿ ಒಂದು ದೊಡ್ಡ ಚೀಲ ಉಂಟು, ಅದ್ರ ತುಂಬ ಕಣ್ಣಿಗೆ ಕಾಣದ ಜೀವಿಗಳು. ನಮ್ಮ ದೋಸೆ ಹಿಟ್ಟು ಹುಳಿ ಬರುದಿಲ್ವಾ, ಹಾಗೆ ಅವು ಹುಲ್ಲನ್ನು ಹುಳಿ ಬರಿಸಿ ಒಡೀತವೆ. ಅದ್ರಿಂದ ಬರುವ ಸತ್ವದಲ್ಲೇ ದನ ಬದುಕುದು, ಹಾಲು ಕೊಡುದು. ಒಂದೇ ಸಲ ಅಷ್ಟು ಅನ್ನ, ಬೆಲ್ಲ ಹೋದ್ರೆ ಹುಳಿ ವಿಪರೀತ ಆಗ್ತದೆ, ಹುಲ್ಲು ಒಡೆಯುವಂಥವು ಅದ್ರಲ್ಲೇ ಸಾಯ್ತವೆ. ಈಗ ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸದಾಗಿ ಹಾಕ್ಬೇಕು. ಆರೋಗ್ಯವಾಗಿರುವ ಬೇರೆ ದನದ್ದೋ ಕೋಣದ್ದೋ ಹೊಟ್ಟೆಯ ರಸ. ಬಿಸಿ ಆರುವ ಮೊದಲೇ."

ಮುದ್ದಕ್ಕ ನೆಲ ನೋಡಿದಳು, ದನ ನೋಡಿದಳು. ಬೇಲಿಯಾಚೆ ಕೋಣದ ಹಟ್ಟಿಯತ್ತ ಮಾತ್ರ ತಪ್ಪಿಯೂ ಕಣ್ಣು ಹಾಯಿಸಲಿಲ್ಲ. ಸ್ವರ್ಣಲತಾಳಿಗೆ ಚುಚ್ಚಿದ್ದು ಅದೇ. ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿದಳು.

"ತಲೆ ಸರಿ ಉಂಟಾ ನಿನಗೆ?" ತಾರಾನಾಥ ಕಿರುಚಿದ್ದು ಎಲ್ಲರಿಗೂ ಕೇಳಿತು. "ಆದಿತ್ಯವಾರ ಕಂಬಳ! ಕಾಟಿಯ ಮೈ ಮುಟ್ಲಿಕ್ಕಿಲ್ಲ."

"ನಾನು ಕೇಳ್ಲಿಕ್ಕೆ ಫೋನ್ ಮಾಡಿದ್ದಲ್ಲ, ಹೇಳ್ಲಿಕ್ಕೆ ಮಾಡಿದ್ದು," ಎಂದವಳೇ ಫೋನ್ ಇಟ್ಟಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನೊಡನೆ ಹೀಗೆ ಮಾತಾಡಿದ್ದು ಇದೇ ಮೊದಲು.

ಕೋಣ ನೋಡಿಕೊಳ್ಳುವ ಶೀನಪ್ಪ ಹಟ್ಟಿಯ ಬಾಗಿಲಲ್ಲೇ ಕೈಮುಗಿದ. "ಧಣಿಗಳು ನನ್ನನ್ನು ಕೆಲಸದಿಂದ ತೆಗೀತಾರೆ ಅಕ್ಕ."

"ಹಗ್ಗ ಹಿಡಿಯೆಂದು ನಾನೇ ಹೇಳಿದ್ದೆಂದು ಹೇಳು. ಹುರುಳಿ ಬೇಯಿಸಿ ಇದನ್ನು ಸಾಕಿದ್ದು ನಾನು. ಅವರು ಪೇಪರಿನ ಫೋಟೋಕ್ಕೆ ನಿಂತದ್ದು, ಅಷ್ಟೆ."

ಶೀನಪ್ಪ ಮೂಗುದಾರ ಹಿಡಿದ. ರಿಝ್ವಾನಾ ಕಾಟಿಯ ಬಾಯಿಗೆ ಮರದ ತುಂಡು ಕೊಟ್ಟು ಕೊಳವೆ ಇಳಿಸಿದಳು. ಹಸಿರು ಕಂದು ಬಣ್ಣದ, ಬೆಚ್ಚಗಿನ ರಸ ಪಂಪಿನಲ್ಲಿ ಏರಿ ಬಂತು. ಸ್ವರ್ಣಲತಾ ಅದನ್ನು ತೆಳು ಬಟ್ಟೆಯಲ್ಲಿ ಸೋಸಿ, ಮದುವೆಗಳಲ್ಲಿ ಕಾಫಿ ತುಂಬುವ ದೊಡ್ಡ ಫ್ಲಾಸ್ಕಿಗೆ ಹಿಂಡತೊಡಗಿದಳು. ಫ್ಲಾಸ್ಕು ತುಂಬುವ ಹೊತ್ತಿಗೆ ಅಂಗಳದಲ್ಲಿ ಕಾರು ಗಕ್ಕನೆ ನಿಂತಿತು.

"ನನ್ನ ಕೋಣ ಅದು!" ತಾರಾನಾಥನ ಮುಖ ಕೆಂಪೇರಿತ್ತು.

"ಹೌದು. ಆ ದನ ತಿಂದ ಅನ್ನವೂ ನಿಮ್ಮದೇ."

"ಇದಕ್ಕೆ ಎಂತಾದ್ರೂ ಆದ್ರೆ?"

"ಆದ್ರೆ ನನ್ನನ್ನು ಕೇಳಿ. ಈಗ ದಾರಿ ಬಿಡಿ, ಇದು ತಣಿಯಬಾರ್ದು."

ಅವನು ಬಿಡಲಿಲ್ಲ. ಅವಳು ಫ್ಲಾಸ್ಕನ್ನು ಎದೆಗೊತ್ತಿಕೊಂಡು, ಅವನ ಇಸ್ತ್ರಿ ಶರ್ಟಿಗೆ ಭುಜ ಉಜ್ಜಿಕೊಂಡೇ ನುಸುಳಿ ಹೋದಳು. ಬಿಳಿ ಬಟ್ಟೆಯ ಮೇಲೆ ಹಸಿರು ಕಲೆ ಉಳಿಯಿತು. ಹಿಂದೆಯೇ ಬಂದ ರಿಝ್ವಾನಾ ಮೆಲ್ಲನೆ ಹೇಳಿದಳು: "ಸಾರಿ ಆಂಟಿ... ನಾಳೆಯೂ ಒಂದು ಸಲ ಬೇಕಾಗ್ತದೆ."

ಮರುದಿನ ಬೆಳಿಗ್ಗೆ ಕೋಣದ ಹಟ್ಟಿಗೆ ಬೀಗ ಬಿದ್ದಿತ್ತು. ಕೀ ತಾರಾನಾಥನ ಜೇಬಿನಲ್ಲಿ ಬಿಜೈಗೆ ಹೋಗಿತ್ತು. ಸ್ವರ್ಣಲತಾ ಬೀಗವನ್ನು ಒಮ್ಮೆ ಎಳೆದು ನೋಡಿದಳು. ಆಮೇಲೆ ಅಂಗಳದ ಕಲ್ಲೆತ್ತಿ ಚಿಲಕಕ್ಕೆ ಹೊಡೆಯತೊಡಗಿದಳು. ಕಲ್ಲು ಜಾರಿ ಬೆರಳು ಜಜ್ಜಿತು. ಬೆರಳನ್ನು ಬಾಯಲ್ಲಿಟ್ಟು ಚೀಪಿ ಮತ್ತೆ ಹೊಡೆದಳು. ನೋಡುತ್ತ ನಿಂತಿದ್ದ ಶೀನಪ್ಪ ಮನೆಯೊಳಗೆ ಹೋಗಿ ಹಾರೆ ತಂದುಕೊಟ್ಟ.

ಆ ಸಂಜೆ ಬೊಳ್ಳಿ ಎದ್ದು ನಿಂತಿತು. ಮರುದಿನ ಒಂದು ಹಿಡಿ ಒಣಹುಲ್ಲು ತಿಂದಿತು. ಆಮೇಲೆ ಗಂಟಲಲ್ಲಿ ಏನೋ ಮೇಲೇರಿ ಬಂದಂತಾಗಿ ದವಡೆ ಅತ್ತಿತ್ತ ಆಡತೊಡಗಿತು, ನಿಧಾನಕ್ಕೆ, ಅರೆಮುಚ್ಚಿದ ಕಣ್ಣಿನಲ್ಲಿ.

"ಮೆಲುಕು ಹಾಕ್ತಾ ಉಂಟು ಸ್ವರ್ಣಕ್ಕ!" ಎಂದು ಮುದ್ದಕ್ಕ ಓಣಿಗೆಲ್ಲ ಕೇಳುವಂತೆ ಕೂಗಿದಳು.

ಆದಿತ್ಯವಾರದ ಕಂಬಳದಲ್ಲಿ ತಾರಾನಾಥನ ಜೋಡಿ ಸೋತಿತು. ಕಾಟಿ ಚೆನ್ನಾಗಿಯೇ ಓಡಿತ್ತು, ಆದರೆ ಎದುರಿನ ಜೋಡಿ ಅದಕ್ಕಿಂತ ಚೆನ್ನಾಗಿ ಓಡಿತು. ನೆಂಟರೆಲ್ಲ ಸುತ್ತ ನಿಂತಿದ್ದರು. ಎಂತಾಯ್ತು ಮಾರಾಯ ಎಂದು ಅಣ್ಣ ಕೇಳಿದಾಗ ತಾರಾನಾಥ ಹೆಂಡತಿಯತ್ತ ಕೈ ತೋರಿಸಿದ. "ಅವಳನ್ನೇ ಕೇಳಿ. ಕೋಣದ ಹೊಟ್ಟೆ ಖಾಲಿ ಮಾಡಿದವಳು ಅವಳು."

ಎಲ್ಲರೂ ತಿರುಗಿದರು. ಸ್ವರ್ಣಲತಾ ತಲೆ ತಗ್ಗಿಸಲಿಲ್ಲ. "ಹೌದು ಬಾವ, ರಸ ತೆಗೆಸಿದ್ದು ನಾನೇ. ಎರಡನೇ ಸಲ ಬೀಗ ಒಡೆದು ತೆಗೆಸಿದ್ದು. ಇವರ ಹಾಲ್‌ನ ಪಾಯಸ ತಿಂದು ಸಾಯ್ಲಿಕ್ಕಾದ ದನ ಈಗ ಎದ್ದು ನಿಂತಿದೆ. ನಾಳೆ ಇನ್ನೊಂದು ದನ ಬಿದ್ರೂ ಇದನ್ನೇ ಮಾಡ್ತೇನೆ."

ತಾರಾನಾಥ ಬಾಯಿ ತೆರೆದ. ಅವನು ಏನು ಹೇಳುತ್ತಾನೆಂದು ಕೇಳಲು ಅವಳು ನಿಲ್ಲಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಸರು ಮೆತ್ತಿಕೊಂಡು ಏದುಸಿರು ಬಿಡುತ್ತಿದ್ದ ಕಾಟಿಯ ಬೆನ್ನಿಗೆ ನೀರು ಹೊಯ್ಯಲು ಇಳಿದು ಹೋದಳು.