ಬಲಗಡೆಯ ಕುರ್ಚಿ

ಪುಸ್ತಕ ಕಟ್ಟುವ ಆ ಕೋಣೆಗೆ ಕಿಟಕಿ ಇರಲಿಲ್ಲ. ಗಾಳಿಗೆ ಹಾಳೆ ಹಾರುತ್ತವೆ ಎಂದು ಹಿಂದಿನ ಯಾವನೋ ಯಜಮಾನ ಇದ್ದ ಒಂದು ಕಿಟಕಿಗೂ ಇಟ್ಟಿಗೆ ಇಡಿಸಿದ್ದ. ಕಾಗದ ಸುಖವಾಗಿತ್ತು, ಮನುಷ್ಯರನ್ನು ಯಾರು ಕೇಳಬೇಕು? ಟ್ಯೂಬ್‌ಲೈಟಿನ ಕೆಳಗೆ ಉದ್ದನೆಯ ಒಂದೇ ಮೇಜು. ಕತ್ತರಿಸುವ ಯಂತ್ರ ನೋಡಿಕೊಳ್ಳುವ ಕತ್ತರಿ ಅಣ್ಣ ಮತ್ತು ಹಾಳೆ ಮಡಿಸುವ ಹುಡುಗಿ ಅದರ ಎಡಗಡೆ. ಅಂಟು ಹಚ್ಚುವ ಅಜ್ಜ ಮತ್ತು ಸೂಜಿ ಹಿಡಿದು ಹೊಲಿಯುವ ದಾರದಕ್ಕ ಬಲಗಡೆ.

ಹಿಂದೊಮ್ಮೆ ಯಾವ ನಟ ದೊಡ್ಡವನು ಎಂಬ ಮಾತಿಗೆ ಅಜ್ಜನಿಗೂ ಕತ್ತರಿ ಅಣ್ಣನಿಗೂ ಜಗಳ ಹತ್ತಿ, ಮೂರು ತಿಂಗಳು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆ ನಟರಿಬ್ಬರಿಗೂ ಈ ಸುದ್ದಿ ಮುಟ್ಟಲೇ ಇಲ್ಲ, ಆ ಮಾತು ಬೇರೆ. ಕೊನೆಗೆ ಅಜ್ಜನೇ ಒಂದು ಕಟ್ಟಳೆ ಮಾಡಿದ. ಊಟದ ಹೊತ್ತಿಗೆ ದಿನಕ್ಕೊಂದು ಪ್ರಶ್ನೆ. ಎಡಗಡೆಯವರು ಹೌದು ಅನ್ನಬೇಕು, ಬಲಗಡೆಯವರು ಇಲ್ಲ ಅನ್ನಬೇಕು. ಮನಸ್ಸಿನಲ್ಲಿದ್ದದ್ದು ಮನಸ್ಸಿನಲ್ಲೇ ಇರಲಿ; ಮೇಜಿನಿಂದ ಎದ್ದ ಮೇಲೆ ನಿಜವಾಗಿ ನಿನಗೇನು ಅನ್ನಿಸುತ್ತದೆ ಎಂದು ಯಾರೂ ಯಾರನ್ನೂ ಕೇಳಬಾರದು. ಮಾತಾಡಿದ್ದು ಕುರ್ಚಿ, ಮನುಷ್ಯನಲ್ಲ ಎಂದುಕೊಂಡರೆ ಜಗಳಕ್ಕೆ ಜಾಗವೆಲ್ಲಿ? ಅಂದಿನಿಂದ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವುದು ಅಲ್ಲಿ ದಿನದ ಪದ್ಧತಿಯಾಯಿತು, ಮತ್ತು ಎಲ್ಲರೂ ಸ್ನೇಹದಿಂದಿದ್ದರು.

ಹನ್ನೊಂದು ವರ್ಷದಿಂದ ದಾರದಕ್ಕನದು ಬಲಗಡೆಯ ಕುರ್ಚಿ. ಬೆಕ್ಕಿಗೆ ತನ್ನ ಹೆಸರು ಗೊತ್ತೇ? ಇಲ್ಲ. ಒಬ್ಬರು ಆಕಳಿಸಿದರೆ ಇನ್ನೊಬ್ಬರಿಗೂ ಅಂಟುತ್ತದೆಯೇ? ಇಲ್ಲ, ಎಂದು ಆಕಳಿಸುತ್ತಲೇ ಸಾಧಿಸಿದ್ದಳು. ಸಿನಿಮಾದಲ್ಲಿ ಒಂದು ಮೀಸೆ ಅಂಟಿಸಿಕೊಂಡು ಬಂದ ಮಗನನ್ನು ಹೆತ್ತತಾಯಿ ಗುರುತಿಸದೆ ಇರುವುದು ಸಾಧ್ಯವೇ? ಅದಕ್ಕೂ ಇಲ್ಲ ಎಂದು ವಾದಿಸಿ, ಅಂಥ ಸಿನಿಮಾಗಳಿಗೆ ಅತ್ತಿದ್ದ ಹುಡುಗಿಗೆ ನಾಚಿಕೆಯಾಗುವಂತೆ ಮಾಡಿದ್ದಳು. ಕತ್ತರಿ ಅಣ್ಣ ಸೋಲದೆ ಡಬ್ಬಿ ಮುಚ್ಚಿದ ದಿನವೇ ಇಲ್ಲ.

ಆದರೆ ಆ ದಿನ ಅವಳಿಗೆ ಗೆಲ್ಲುವುದು ಬೇಕಿರಲಿಲ್ಲ. ಊರಿನ ಗ್ರಂಥಾಲಯದಲ್ಲಿ ಹಳೆಯ ಹರಿದ ಪುಸ್ತಕಗಳನ್ನು ರಿಪೇರಿ ಮಾಡಲು ಒಬ್ಬರು ಬೇಕಿದ್ದರು. ಅಲ್ಲಿಗೆ ರಟ್ಟು ಕತ್ತರಿಸಿ ಒಯ್ಯುತ್ತಿದ್ದ ಕತ್ತರಿ ಅಣ್ಣ ಇವಳ ಹೆಸರು ಹೇಳಿದ್ದ, ಅವರು ಒಪ್ಪಿದ್ದರು. ಬರುತ್ತಾಳೋ ಇಲ್ಲವೋ ಎಂದು ಅವನು ಇವತ್ತು ಮೂರು ಗಂಟೆಯೊಳಗೆ ಫೋನಿನಲ್ಲಿ ತಿಳಿಸಬೇಕಿತ್ತು. ಹೋದ ವಾರ ಅವಳು ಹೋಗಿ ಅಲ್ಲಿನ ರಿಪೇರಿ ಕೋಣೆ ನೋಡಿ ಬಂದಿದ್ದಳು. ಗೋಡೆಯ ತುಂಬ ಕಿಟಕಿ. ಚೀಲದಿಂದ ತನ್ನ ದಾರದ ಉಂಡೆ ತೆಗೆದು ಆ ಬೆಳಕಿಗೆ ಹಿಡಿದರೆ, ಹನ್ನೊಂದು ವರ್ಷ ಬಿಳಿ ಎಂದುಕೊಂಡಿದ್ದ ದಾರ ತಿಳಿ ಹಳದಿ. ಅವಳಿಗೆ ಅಲ್ಲೇ ಅಳು ಬಂದಿತ್ತು. ಇಲ್ಲಿ ಈಗೀಗ ಸಂಜೆ ನಾಲ್ಕಾದರೆ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು; ಇನ್ನೆರಡು ವರ್ಷ ಕೂತರೆ ಒಂದೂ ಕಾಣದು. ಹೋಗುವುದೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದಳು. ಉಳಿದಿಬ್ಬರಿಗೆ ಈ ವಿಷಯ ಗೊತ್ತಿಲ್ಲವಾದ್ದರಿಂದ, ಊಟವಾದ ಮೇಲೆ ಯಂತ್ರದ ಹತ್ತಿರ ಕತ್ತರಿ ಅಣ್ಣನಿಗೊಬ್ಬನಿಗೇ ಹೇಳಬೇಕೆಂದಿದ್ದಳು.

ಅಷ್ಟರಲ್ಲಿ ಹುಡುಗಿ ಅವತ್ತಿನ ಪ್ರಶ್ನೆ ತೆಗೆದಳು. ಹಿಂದಿನ ದಿನದ ಧಾರಾವಾಹಿಯಲ್ಲಿ ದೊಡ್ಡ ಮಗಳು ತನ್ನನ್ನು ಸಾಕಿದವರನ್ನೆಲ್ಲ ಬಿಟ್ಟು ದೂರದ ನಾಟಕ ಕಂಪನಿ ಸೇರಿಬಿಟ್ಟಿದ್ದಳಂತೆ. ಹೋದದ್ದು ಸರಿಯೇ?

ಕತ್ತರಿ ಅಣ್ಣ ಸರಿ ಎಂದು ಎರಡು ಮಾತಾಡಿ ನಿಲ್ಲಿಸಿದ. ಅವನ ವಾದದಲ್ಲಿ ಅವತ್ತು ಜೀವವೇ ಇರಲಿಲ್ಲ. ಎಲ್ಲರೂ ದಾರದಕ್ಕನ ಕಡೆ ತಿರುಗಿದರು. ಸುಮ್ಮನಿರಬಹುದಿತ್ತು, ತಲೆನೋವು ಎನ್ನಬಹುದಿತ್ತು. ಆದರೆ ರೂಢಿ ದೊಡ್ಡದು. ಅವಳ ಬಾಯಿ ತಾನಾಗಿ ತೆರೆಯಿತು. ಹೋದದ್ದು ತಪ್ಪು ಎಂದಳು. ಬೆಳಕು ಎಲ್ಲ ಕಡೆಯೂ ಸಿಗುತ್ತದೆ, ಜೊತೆಗೆ ಕೂತು ಉಣ್ಣುವವರು ಎಲ್ಲ ಕಡೆ ಸಿಗುವುದಿಲ್ಲ ಎಂದಳು. ಅಲ್ಲಿ ಅವಳ ಕೆಮ್ಮು ಕೇಳಿ ನೀರು ಕೊಡುವವರು ಯಾರು, ಅವಳ ಕೋಪ ಯಾವುದು ಹಸಿವು ಯಾವುದು ಎಂದು ತಿಳಿಯುವವರು ಯಾರು? ಹೇಳುತ್ತ ಹೇಳುತ್ತ ತಾನು ಬಿಟ್ಟುಹೋಗಲಿರುವ ಮೂರು ಮುಖಗಳೂ ಕಣ್ಣೆದುರಿಗೇ ಇದ್ದವು. ಕಣ್ಣು ತುಂಬಿತು. ಅಜ್ಜ ತುತ್ತು ಎತ್ತದೆ ಕೂತಿದ್ದ. ಹುಡುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ದಾರದಕ್ಕ ಡಬ್ಬಿ ತೊಳೆದುಕೊಂಡು ಬರುವಷ್ಟರಲ್ಲಿ ಕತ್ತರಿ ಅಣ್ಣ ಫೋನನ್ನು ಜೇಬಿಗೆ ಇಳಿಸುತ್ತಿದ್ದ. ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

"ಹೇಳ್ಬಿಟ್ಟೆ ಕಣಮ್ಮ," ಅಂದ, ದನಿ ಇಳಿಸಿ. "ನೀನು ಬರಲ್ಲ ಅಂತ. ಪಟ್ಟೀಲಿದ್ದ ಇನ್ನೊಬ್ಬಳು ಅಲ್ಲೇ ಕಾಯ್ತಿದ್ಲಂತೆ, ಅವಳನ್ನೇ ಸೇರಿಸ್ಕೊಂಡ್ರು."

ಅವಳ ಕೈಯ ಡಬ್ಬಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ನನ್ನನ್ನ ಒಂದು ಮಾತು ಕೇಳ್ಬಾರದಾಗಿತ್ತಾ ಅಣ್ಣ?"

"ಮೇಜಿನಿಂದ ಎದ್ದ ಮೇಲೆ ಕೇಳಬಾರದು ಅಂತಲ್ವಾ ನಮ್ಮ ಕಟ್ಟಳೆ? ಅಲ್ದೆ ಕಣ್ಣಲ್ಲಿ ನೀರು ಹಾಕ್ಕೊಂಡು ಅಷ್ಟು ಹೇಳಿದ್ಯಲ್ಲ, ಇನ್ನು ಕೇಳೋದೇನಿದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹಳೆಯ ಗಾದೆ. ಇವಳಾಡಿದ ಮಾತು ಹೋಗಿರಲೂ ಇಲ್ಲ. ಬಾಗಿಲಿಗೆ ಅಡ್ಡ ಬಂದು ನಿಂತಿತ್ತು. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ತನ್ನ ನಾಲಗೆಯ ಮೇಲೆ ಅದಕ್ಕಿಂತ ಹೆಚ್ಚು ಬಂತು. ನೇರವಾಗಿ ಮೇಜಿನ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಆ ದೊಡ್ಡ ಮಗಳು ಹೋಗಿದ್ದೇ ಸರಿ. ನಾನೂ ಹೋಗ್ಬೇಕು ಅಂತಿದ್ದೆ."

ಅಜ್ಜ ತೊಡೆ ತಟ್ಟಿ ನಕ್ಕ. ನೋಡ್ರಪ್ಪ, ಇವತ್ತು ಎಡಗಡೆ ವಕಾಲತ್ತನ್ನೂ ಇವಳೇ ವಹಿಸಿಕೊಂಡಳು ಎಂದ. ಹುಡುಗಿ ಹೇಳಕ್ಕಾ ಹೇಳು ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ದಾರದಕ್ಕ ಹೇಳಿದಳು. ಇಟ್ಟಿಗೆ ಇಟ್ಟ ಕಿಟಕಿಯ ವಿಷಯ ಹೇಳಿದಳು, ಎರಡಾಗುವ ಸೂಜಿಯ ವಿಷಯ ಹೇಳಿದಳು, ಹಳದಿ ದಾರದ ವಿಷಯ ಹೇಳಿದಳು. ಜೀವಮಾನದಲ್ಲಿ ಅವಳು ಆ ಮೇಜಿನ ಮುಂದೆ ಆಡಿದ ಮೊದಲ ನಿಜ ಅದು, ಮತ್ತು ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಮಾತಾಡಿರಲಿಲ್ಲ. ಮುಗಿಯುತ್ತಲೇ ಹುಡುಗಿ ಚಪ್ಪಾಳೆ ಹೊಡೆದಳು.

"ಎರಡೂ ಕಡೆ ನೀನೇ ಗೆದ್ದೆ, ಮಗಳೇ," ಎಂದ ಅಜ್ಜ, ಅಂಟಿನ ಕುಂಚ ಕೈಗೆತ್ತಿಕೊಳ್ಳುತ್ತ.

ಕತ್ತರಿ ಅಣ್ಣ ಮಾತ್ರ ನಗಲಿಲ್ಲ. ತಲೆ ಎತ್ತಿ ಅವಳನ್ನು ನೋಡಿದ. ಅವಳೂ ನೋಡಿದಳು. ಕೇಳು, ಒಂದೇ ಒಂದು ಸಲ ಕಟ್ಟಳೆ ಮುರಿದು ನಿಜವಾ ಅಂತ ಕೇಳು ಎಂದು ಅವಳ ಜೀವವೆಲ್ಲ ಬೇಡಿತು. ಅವನ ತುಟಿ ಅಲುಗಿತು. ಆಮೇಲೆ ಅವನೂ ನಕ್ಕ, ಉಳಿದವರಿಗಿಂತ ಸ್ವಲ್ಪ ತಡವಾಗಿ, ಮತ್ತು ತಿರುಗಿ ಯಂತ್ರ ಚಾಲೂ ಮಾಡಿದ.

ನಿಂತೇ ಇರಲು ಆಗುತ್ತದೆಯೇ? ಅವಳದೆಂದು ಇದ್ದದ್ದು ಒಂದೇ ಕುರ್ಚಿ. ದಾರದಕ್ಕ ಬಲಗಡೆ ಹೋಗಿ ಕೂತಳು. ದಾರದ ತುದಿಯನ್ನು ನಾಲಗೆಗೆ ಒತ್ತಿ, ಟ್ಯೂಬ್‌ಲೈಟಿಗೆ ಎತ್ತಿ ಹಿಡಿದಳು. ದಾರ ಬೆಳ್ಳಗೇ ಕಾಣಿಸಿತು.