ಏಳನೇ ಪಟ್ಟಿ

ಅಕ್ಕನ ಮೂಗು ಕೈಕೊಟ್ಟಿದೆ ಎಂದು ಅಕ್ಕನಿಗೆ ಹೇಳುವವರು ಯಾರು? ಮೂರು ತಿಂಗಳಿಂದ ತಂಗಿಗೆ ಇದೊಂದೇ ಚಿಂತೆ. ಕೂತರೂ ಅದೇ, ನಿಂತರೂ ಅದೇ, ಊರು ಬಿಟ್ಟು ಬೇರೆ ಊರಿಗೆ ಬಂದರೂ ಅದೇ.

ಇಬ್ಬರದೂ ಸೋಪು ಮಾಡುವ ಕೆಲಸ. ಹೇಳಿಕೊಳ್ಳುವುದಕ್ಕೆ ಕಾರ್ಖಾನೆ, ಇರುವುದು ಮನೆಯ ಹಿಂದಿನ ಎರಡು ಕೋಣೆ, ನಾಲ್ಕು ಕಡಾಯಿ, ಗೋಡೆಯುದ್ದಕ್ಕೂ ಪೇರಿಸಿಟ್ಟ ಮರದ ಅಚ್ಚುಗಳು. ಇಪ್ಪತ್ತೆರಡು ವರ್ಷಗಳಿಂದ ಕಲಕುವ ಕೈ ತಂಗಿಯದು, ಮೂಸುವ ಮೂಗು ಅಕ್ಕನದು. ಎಣ್ಣೆಗೆ ಕ್ಷಾರ ಬಿದ್ದು, ಕಲಕಿ ಕಲಕಿ ಪಾಕ ಗಟ್ಟಿಯಾಗುವ ಹೊತ್ತಿಗೆ ಅಕ್ಕ ಬಂದು ನಿಲ್ಲಬೇಕು. ಸುಗಂಧದ ಶೀಸೆ ಬಗ್ಗಿಸಬೇಕು. ಮರದ ಸೌಟಿಗೆ ಹತ್ತಿದ್ದನ್ನು ತಾನೊಮ್ಮೆ ಮೂಸಿ, "ನೋಡೇ ಪುಟ್ಟಿ" ಎಂದು ತಂಗಿಯ ಮೂಗಿನ ಬಳಿ ಹಿಡಿಯಬೇಕು. ಆಮೇಲೆ "ಸಾಕು" ಎನ್ನಬೇಕು, ಇಲ್ಲವೇ "ಇನ್ನೊಂದು ಚೂರು". ಅಕ್ಕ ಸಾಕು ಎಂದರೆ ಸಾಕು. ಪುಟ್ಟಿಗೆ ನಲವತ್ತೊಂಬತ್ತು ತುಂಬಿ, ಮೊಮ್ಮಗಳೊಬ್ಬಳು ಹುಟ್ಟಿದ್ದರೂ ಹೀಗಿರಲಿ ಹಾಗಿರಲಿ ಎಂದು ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಅಚ್ಚಿನಿಂದ ಸೋಪು ಕೊಯ್ಯುವ ಭಾವ ಅವಳಿಗೆ ಮೌನಗೌರಿ ಎಂದೇ ಹೆಸರಿಟ್ಟಿದ್ದ.

ಆ ಮೊಮ್ಮಗಳ ಬಾಣಂತನಕ್ಕೆಂದು ತಂಗಿ ಒಂದೂವರೆ ತಿಂಗಳು ಮಗಳ ಮನೆಯಲ್ಲಿದ್ದು ಬಂದಳು. ಬರುವಷ್ಟರಲ್ಲಿ ಎರಡು ಸಲ ಮಾಡಿದ ಸೋಪೆಲ್ಲ ಅಂಗಡಿಗಳಿಂದ ಹಿಂದಕ್ಕೆ ಬಂದಿತ್ತು. "ಇದೇನು ಸೋಪೋ ಇಲಿ ಓಡಿಸೋ ಮದ್ದೋ?" ಎಂದು ಕೇಳಿದ್ದನಂತೆ ಒಬ್ಬ ಅಂಗಡಿಯವನು. ಅಕ್ಕ ಎಣ್ಣೆ ತಂದುಕೊಟ್ಟವನಿಗೆ ಬಾಯಿಗೆ ಬಂದಂತೆ ಬೈದಳು. ತಂಗಿ ಒಂದು ಬಿಲ್ಲೆ ಎತ್ತಿ ಮೂಸಿದಳು. ಕಣ್ಣಲ್ಲಿ ನೀರು ಬಂತು. ಎಣ್ಣೆಯವನ ತಪ್ಪೇನೂ ಇರಲಿಲ್ಲ. ಹಾಕಿದ ಕೈಗೆ ಲೆಕ್ಕ ತಪ್ಪಿತ್ತು.

ಈಗ ಕಾರ್ಖಾನೆಯ ನೆಲ ಕಿತ್ತು ಹೊಸ ಕಲ್ಲು ಹಾಸುತ್ತಿದ್ದರು. ಹತ್ತು ದಿನ ಬಾಗಿಲು ಮುಚ್ಚಬೇಕು. ಹುಟ್ಟಿದಮೇಲೆ ಇಬ್ಬರೂ ಒಟ್ಟಿಗೆ ಎಲ್ಲಿಗೂ ಹೋಗಿಲ್ಲ, ನಡಿ ಎಂದು ಅಕ್ಕ ಹೊರಡಿಸಿದ್ದಳು. ಮೂರನೆಯ ದಿನ ಇಳಿದುಕೊಂಡಿದ್ದ ಲಾಡ್ಜಿನ ಮೆಟ್ಟಿಲ ಬಳಿ ಒಂದು ಹಲಗೆ ಕಂಡಿತು: ನಿಮ್ಮ ಸುಗಂಧ ನೀವೇ ಮಾಡಿಕೊಳ್ಳಿ, ಮೂರು ಗಂಟೆಯ ಪಾಠ. ತಂಗಿ ಅಲ್ಲೇ ನಿಂತಳು. ಹೇಳುವವರು ಹೇಳಲಿ, ಕೇಳುವವಳು ಕೇಳಲಿ, ನಡುವೆ ನಾನು ಇದ್ದೂ ಇಲ್ಲದಂತೆ ಇದ್ದುಬಿಡುತ್ತೇನೆ. ಹೀಗೆಂದುಕೊಂಡು ಇಬ್ಬರ ಹೆಸರನ್ನೂ ಬರೆಸಿಬಿಟ್ಟಳು.

"ಸೋಪಿನೋರಿಗೆ ಸೆಂಟಿನ ಪಾಠವಾ?" ಎಂದು ಅಕ್ಕ ನಕ್ಕಳು. "ಮೀನಿಗೆ ಈಜು ಕಲಿಸ್ತಾರಂತಾ? ಆಯ್ತು ನಡಿ, ಅದೂ ಆಗ್ಲಿ."

ಪಾಠದ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲಿತ್ತು. ಕೆಳಗಿನಿಂದ ರಬ್ಬರಿನ ವಾಸನೆ ಅರ್ಧ ಮೆಟ್ಟಿಲವರೆಗೂ ಹತ್ತಿ ಬಂದು, ಅಲ್ಲಿ ದಣಿದು ನಿಂತುಬಿಡುತ್ತಿತ್ತು. ಒಳಗೆ ಉದ್ದನೆಯ ಮೇಜು, ಅದರ ಮೇಲೆ ಕಂದು ಶೀಸೆಗಳು. ಪದ್ಯ ಕೇಳಲು ಕೂತ ಜನರ ಹಾಗೆ ಸಾಲು ಸಾಲಾಗಿ, ಗಿಡ್ಡನೆಯವು ಮುಂದೆ, ಎತ್ತರದವು ಹಿಂದೆ. ಕಲಿಸುವ ಟೀಚರಮ್ಮ ಸಣಕಲು ಹೆಂಗಸು. ನಾಲ್ಕು ಶೀಸೆ ಮೂಸಿದಮೇಲೆ ಒಮ್ಮೆ ತನ್ನ ಮೊಣಕೈ ಒಳಮಡಿಕೆಗೆ ಮೂಗಿಟ್ಟು ಉಸಿರೆಳೆಯುತ್ತಿದ್ದಳು. "ದಣಿದ ಮೂಗಿಗೆ ತನ್ನ ಮೈಯೇ ತವರುಮನೆ. ಹೋಗಿ ಬಂದ್ರೆ ಮತ್ತೆ ಕೆಲಸ ಮಾಡುತ್ತೆ" ಎಂದಳು. ಅಕ್ಕತಂಗಿಯರನ್ನು ಬಿಟ್ಟರೆ ಮೂವರೇ: ಹೊಸದಾಗಿ ಮದುವೆಯಾದ ಒಂದು ಜೋಡಿ, ಕೆಲಸದಿಂದ ನಿವೃತ್ತನಾದ ಒಬ್ಬ ಬಸ್ ಕಂಡಕ್ಟರ್. ಜೋಡಿ ಶೀಸೆಗಳನ್ನು ಮೂಸಿದ್ದಕ್ಕಿಂತ ಒಬ್ಬರನ್ನೊಬ್ಬರು ಮೂಸಿದ್ದೇ ಹೆಚ್ಚು. ಕಂಡಕ್ಟರನಿಗೆ ಮೂವತ್ತು ವರ್ಷ ಕಿಕ್ಕಿರಿದ ಬಸ್ಸುಗಳ ಬೆವರು ಕುಡಿದ ಮೂಗಿಗೆ ಪ್ರಾಯಶ್ಚಿತ್ತ ಮಾಡಿಸಬೇಕಿತ್ತಂತೆ.

ಮೊದಲು ಕೈ ಪಳಗಲೆಂದು ಒಂದು ಸಣ್ಣ ಮಿಶ್ರಣ. ನಿಂಬೆ ನಾಲ್ಕು ಹನಿ, ಗುಲಾಬಿ ಎರಡು, ದೇವದಾರು ಒಂದು. ಸ್ವಲ್ಪ ಹೆಚ್ಚುಕಡಿಮೆ ನಿಮ್ಮಿಷ್ಟ ಎಂದಳು ಟೀಚರಮ್ಮ. ಅಕ್ಕತಂಗಿಯರ ಬಟ್ಟಲುಗಳ ಬಳಿ ಬಂದವಳು ಬಗ್ಗಿ ಮೂಸಿ ಎರಡು ಹೆಜ್ಜೆ ಹಿಂದೆ ಸರಿದಳು.

"ನಿಂಬೆ ಎಷ್ಟು ಹಾಕಿದ್ರಿ?"

"ಹನ್ನೆರಡು" ಎಂದಳು ಅಕ್ಕ.

"ನಾನೂ ಹನ್ನೆರಡು" ಎಂದಳು ತಂಗಿ. ಆಡಿದ ಮೇಲೆಯೇ ಅವಳಿಗೆ ಹೊಳೆಯಿತು. ಸೋಪಿನ ಕ್ಷಾರ ಸುಗಂಧವನ್ನು ತಿನ್ನುತ್ತದೆ, ಅದರಲ್ಲೂ ನಿಂಬೆಯನ್ನು ಮೂರು ಪಾಲಿನಲ್ಲಿ ಎರಡು ಪಾಲು ನುಂಗಿಬಿಡುತ್ತದೆ. ಹಾಗಾಗಿ ನಾಲ್ಕು ಎಂದರೆ ಇವರ ಕೈ ತನ್ನಷ್ಟಕ್ಕೆ ಹನ್ನೆರಡು ಸುರಿಯುತ್ತದೆ. ಇಲ್ಲಿ ತಿನ್ನುವವರು ಯಾರೂ ಇಲ್ಲ.

"ಅಯ್ಯೋ, ಇಲ್ದಿರೋ ನೆಂಟನಿಗೆ ಎಲೆ ಹಾಕಿ ಬಡಿಸಿದ್ವಲ್ಲೇ!" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು, ಆದರೆ ಒಳಗೊಳಗೇ ಕುಸಿದಳು. ಅಕ್ಕನ ಕೈ ತಪ್ಪಿದರೆ ಇನ್ನು ಅಭ್ಯಾಸಬಲ ಎಂದು ಹೇಳಿ ದಾಟಿಬಿಡಬಹುದು. ಟೀಚರಮ್ಮನ ಬಾಯಿಂದ ಬರಬೇಕಾದ ಮಾತು ಬರುವುದೇ ಇಲ್ಲ.

ಆಮೇಲೆ ಪಟ್ಟಿಗಳು ಬಂದವು. ಬಿಳಿ ಕಾಗದದ ಸಪೂರ ಪಟ್ಟಿಗಳು, ಒಬ್ಬೊಬ್ಬರಿಗೂ ಎಂಟು, ತುದಿಯಲ್ಲಿ ಅಂಕಿ. ಯಾವುದು ಯಾವುದರಲ್ಲಿ ಅದ್ದಿದ್ದು ಎಂದು ಹೇಳುವುದಿಲ್ಲ. ಮೂಸಿ, ಮನಸ್ಸಿಗೆ ಬಂದದ್ದು ಹೇಳಬೇಕು. ಅಕ್ಕ ತಂಗಿಯ ಎದುರಿಗೆ ಕೂತಳು. ಒಂದನೆಯದು ಮಲ್ಲಿಗೆ, ತಂಗಿಯ ಕಣ್ಣು ಅರೆ ಮುಚ್ಚಿತು. "ಹೂವು, ಬಿಳೀ ಹೂವು, ಸಂಜೆ ಹೊತ್ತಿಂದು" ಎಂದಳು ಅಕ್ಕ. ಟೀಚರಮ್ಮ ತಲೆದೂಗಿದಳು. ನಾಲ್ಕನೆಯದು ಲವಂಗ. "ಇದು ಮೂಗಿಗೆ ಚುಚ್ಚುತ್ತೆ, ಸಂಬಾರ ಡಬ್ಬಿ" ಎಂದಳು ಅಕ್ಕ. ಅದೂ ಸರಿ. ತಂಗಿಗೆ ದಿಕ್ಕೇ ತೋಚದಂತಾಯಿತು. ಹಾಗಾದರೆ ಅಕ್ಕನ ಮೂಗಿಗೆ ಏನೂ ಆಗಿಲ್ಲವೇ? ನಾನೇ ಇಲ್ಲದ್ದನ್ನು ಕಲ್ಪಿಸಿಕೊಂಡೆನೇ?

ಏಳನೆಯ ಪಟ್ಟಿಯನ್ನು ಮೂಗಿಗೆ ಹಿಡಿದಳು. ಏನೂ ಇಲ್ಲ. ತಿರುಗಿಸಿ ಹಿಡಿದಳು, ಕಾಗದ, ಬರೀ ಕಾಗದ. ಅದ್ದಲು ಮರೆತರೋ, ಬೇಕೆಂದೇ ಬಿಟ್ಟರೋ? ಅಕ್ಕ ಇದಕ್ಕೇನು ಹೇಳುತ್ತಾಳೋ ಎಂದು ತಂಗಿಯ ಹುಬ್ಬು ಗಂಟಿಕ್ಕಿತು.

ಅಕ್ಕ ತನ್ನ ಪಟ್ಟಿಯನ್ನು ಮೂಗಿನ ಮುಂದೆ ನಿಧಾನವಾಗಿ ಆಡಿಸಿದಳು. "ಇದು ಸುಲಭದ್ದಲ್ಲ" ಎಂದಳು. "ವರ್ಷಗಟ್ಟಲೆ ಮುಚ್ಚಿಟ್ಟ ಮರದ ಪೆಟ್ಟಿಗೆ ತೆಗೆದ ಹಾಗಿದೆ. ಒಳಗೆ ಒಣಗಿದ ಬೇರು ಏನೋ ಇದೆ. ಅದರ ಹಿಂದೆ, ಬಹಳ ಹಿಂದೆ, ಚೂರು ಹುಳಿ."

ಮಾತು ಎಷ್ಟು ಚೆನ್ನಾಗಿತ್ತೆಂದರೆ ಹೊಸ ಜೋಡಿ ತಮ್ಮ ಏಳನೆಯ ಪಟ್ಟಿಯನ್ನು ಮತ್ತೊಮ್ಮೆ ಮೂಸಿತು.

"ಪ್ರತಿ ಪಾಠದಲ್ಲೂ ಒಂದು ಪಟ್ಟಿ ಹೀಗೇ ಇಡ್ತೀನಿ" ಎಂದಳು ಟೀಚರಮ್ಮ ಮೆಲ್ಲಗೆ. "ಏಳನೇದು ಖಾಲಿ. ಅದನ್ನ ಯಾವುದ್ರಲ್ಲೂ ಅದ್ದಿಲ್ಲ."

"ಟಿಕೆಟ್ಟೇ ಇಲ್ದೆ ಕೊನೇ ಸ್ಟಾಪಿನವರೆಗೂ ಹೋಗ್ಬಿಟ್ರಲ್ಲಮ್ಮ!" ಎಂದ ಕಂಡಕ್ಟರ್.

ನಗುವಿನ ನಡುವೆ ಅಕ್ಕನ ಕಿವಿ ಕೆಂಪಾದದ್ದು ತಂಗಿಗೆ ಕಂಡಿತು. ಇದೋ ಬಂತು ಗಳಿಗೆ. ಇದಕ್ಕೇ ಅಲ್ಲವೇ ಇಬ್ಬರ ಹೆಸರನ್ನೂ ಬರೆಸಿದ್ದು? ತಾನು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಬರುವ ಒಂದೇ ವಿದ್ಯೆ. ಆದರೆ ಎಂದೂ ತೆರೆಯದ ಬಾಯಿ ಅಂದು ತೆರೆದುಕೊಂಡಿತು.

"ನನಗೂ ಹಾಗೇ ಬಂತು. ಪೆಟ್ಟಿಗೆ ವಾಸನೆ. ಹುಳಿ ಕೂಡ."

"ಬರುತ್ತೆ, ಬರುತ್ತೆ" ಎಂದು ಟೀಚರಮ್ಮ ಸಮಾಧಾನ ಹೇಳಿದಳು. "ಮನಸ್ಸು ಮುಂದೆ ಓಡಿದ್ರೆ ಮೂಗು ಅದರ ಸೆರಗು ಹಿಡ್ಕೊಂಡು ಹಿಂದೆ ಹೋಗುತ್ತೆ. ಹತ್ತು ನಿಮಿಷ ಕೈಕಾಲು ಆಡಿಸಿ ಬನ್ನಿ."

ಹೊರಗಿನ ಓಣಿಯಂಥ ಜಾಗದಲ್ಲಿ ಒಂದು ನಲ್ಲಿ ಇತ್ತು. ಅಕ್ಕ ಕೈ ತೊಳೆಯುತ್ತಲೇ ಇದ್ದಳು, ನೀರು ಹರಿಯುತ್ತಲೇ ಇತ್ತು.

"ಸುಳ್ಳು ಹೇಳೋಕೆ ನಿನಗೆ ಬರಲ್ಲ. ಯಾಕೆ ಹೇಳಿದೆ?"

ತಂಗಿ ನಲ್ಲಿಯ ಕೆಳಗೆ ತಾನೂ ಕೈ ಒಡ್ಡಿದಳು.

"ಅದು ಬಿಡು. ಏಳನೇದು ಮೂಸುವಾಗ ಮುಖ ಯಾಕೆ ಹಾಗೆ ಮಾಡಿದೆ?"

"ಹೇಗೆ?"

"ಹಳೇ ಪೆಟ್ಟಿಗೆ ತೆಗೆದವಳ ಹಾಗೆ!"

ತಂಗಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ತಿಳಿದದ್ದು ನಿಧಾನವಾಗಿ ಕಾಲಿನವರೆಗೂ ಇಳಿಯಿತು. ಮಲ್ಲಿಗೆ, ಮುಚ್ಚಿದ ಕಣ್ಣು. ಮರದ ಸೌಟು, "ನೋಡೇ ಪುಟ್ಟಿ".

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಹೋದ ವರ್ಷ ಆ ಜ್ವರ ಬಂತಲ್ಲ, ಆವಾಗಿಂದ." ಅಕ್ಕ ನಲ್ಲಿ ನಿಲ್ಲಿಸಿದಳು. "ಡಾಕ್ಟರಿಗೂ ತೋರಿಸ್ದೆ. ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು. ಚುರ್ ಅಂತ ಚುಚ್ಚೋದು ಒಂದೇ ಗೊತ್ತಾಗೋದು. ನೀನಿದ್ರೆ ನಿನ್ನ ಮುಖ ನೋಡಿ ಸಾಕು ಅಂತಿದ್ದೆ. ನೀನು ಬಾಣಂತನಕ್ಕೆ ಹೋದೆ. ಚುಚ್ಚೋವರೆಗೂ ಸುರಿದೆ."

"ನನಗೆ ಹೇಳಬಾರದಿತ್ತಾ?"

"ಹೇಳಿ ಏನ್ಮಾಡ್ಲಿ? ಕಲಕೋಳು ನೀನು, ಕೊಯ್ಯೋರು ನಿಮ್ಮ ಭಾವ. ಮೂಗೂ ನಿನ್ನದೇ ಅಂದ್ಮೇಲೆ ನಾನಲ್ಲಿ ಯಾಕೆ, ಬಾಗಿಲಿಗೆ ಬೀಗ ಹಾಕೋಕಾ?" ಅಕ್ಕನ ದನಿ ಒಡೆಯಿತು. ಅದನ್ನು ಮುಚ್ಚಲು ರೇಗಿದಳು. "ನೀನೇನು ಸಾಮಾನ್ಯದವಳಾ? ಗೊತ್ತಿದ್ದೂ ಊರಲ್ಲದ ಊರಲ್ಲಿ ಹೆಸರು ಬರೆಸಿ, ಗುರುತಿಲ್ಲದೋರ ಬಾಯಲ್ಲಿ ಹೇಳಿಸೋಕೆ ನೋಡಿದೆ, ಅಲ್ವಾ?"

"ಹೂಂ" ಎಂದಳು ತಂಗಿ. "ನೋಡಿದೆ. ತಪ್ಪೇ. ನೀನು ಮಾಡಿದ್ದು? ಒಂದು ವರ್ಷ ನನ್ನ ಮುಖ ಓದ್ಕೊಂಡು ನಿನ್ನ ಮೂಗಿನ ಕೆಲಸ ಅಂತ ತೋರಿಸ್ಕೊಂಡೆ. ನಾನು ಏನೂ ಬಾರದೋಳು ಅಂದ್ಕೊಂಡೇ ಇದ್ದೆನಲ್ಲ ಅಕ್ಕ, ಆ ವರ್ಷ ಪೂರ್ತಿ?"

ಅಕ್ಕ ತಲೆ ಎತ್ತಿದಳು. ಈ ಮಾತು ಅವಳಿಗೆ ಹೊಳೆದೇ ಇರಲಿಲ್ಲ ಎಂಬುದು ಸ್ಪಷ್ಟವಾಗಿತ್ತು. ಆ ವರ್ಷದ ಸೋಪುಗಳು ಒಂದೊಂದಾಗಿ ಇಬ್ಬರ ನಡುವೆ ಬಂದು ನಿಂತಂತಾಯಿತು. ಎಲ್ಲರೂ ಕೇಳಿ ಕೇಳಿ ಒಯ್ದ ಲಾವಂಚದ್ದು, ಮಕ್ಕಳಿಗೆಂದು ಮಾಡಿದ ತೆಳು ಪರಿಮಳದ್ದು, ಯಾವುದಕ್ಕೂ ತಂಗಿಯ ಹೆಸರಿರಲಿಲ್ಲ.

"ಮಾತಾಡ್ದೆ ಮಾತಾಡ್ದೆ, ಒಂದೇ ಸಲ ಆಡ್ಬಿಟ್ಟೆಯಲ್ಲೇ" ಎಂದಳು ಅಕ್ಕ. ಒದ್ದೆ ಕೈಯನ್ನು ತಂಗಿಯ ಸೆರಗಿಗೆ ಒರೆಸಿಕೊಂಡು ಒಳಗೆ ನಡೆದಳು.

ಉಳಿದದ್ದು ಕೊನೆಯ ಕೆಲಸ, ಅವರವರ ಶೀಸೆ. ಅಕ್ಕ ತನ್ನ ಬಟ್ಟಲನ್ನೂ ತಂಗಿಯ ಕಡೆಗೆ ತಳ್ಳಿದಳು. ಕುರ್ಚಿಯನ್ನು ಸರಕ್ಕನೆ ತಿರುಗಿಸಿ, ಕಿಟಕಿಗೆ ಮುಖ ಮಾಡಿ, ತಂಗಿಗೆ ಬೆನ್ನು ಹಾಕಿ ಕೂತಳು.

"ಮುನಿಸಾ?" ಎಂದು ಕಂಡಕ್ಟರ್ ಪಿಸುಗುಟ್ಟಿದ.

"ಅಲ್ಲ" ಎಂದಳು ಅಕ್ಕ ತಿರುಗದೆಯೇ. "ಅವಳ ಮುಖ ನೋಡ್ಬಾರ್ದು ಅಂತ."

ತಂಗಿಯ ಮುಂದೆ ಮೂವತ್ತು ಶೀಸೆ. ಸಾಕು ಎನ್ನುವವರಿಲ್ಲ, ಇನ್ನೊಂದು ಚೂರು ಎನ್ನುವವರಿಲ್ಲ. ಮೊದಲು ಗುಲಾಬಿ ಹಾಕಿದಳು, ಅದು ಯಾರದೋ ಮದುವೆಯ ಮನೆಯಂತಾಯಿತು, ಚೆಲ್ಲಿದಳು. ಮತ್ತೆ ಹಾಕಿದ್ದು ತೀರಾ ಸಾಧುವಾಯಿತು, ಅದನ್ನೂ ಚೆಲ್ಲಿದಳು. ಆಮೇಲೆ ಲವಂಗದ ಶೀಸೆ ಎತ್ತಿಕೊಂಡಳು. ಸೋಪಿನವರು ಇದನ್ನು ಮುಟ್ಟುವುದಿಲ್ಲ. ಒಂದು ಹನಿ ಹೆಚ್ಚಾದರೆ ಪಾಕ ಕಡಾಯಿಯಲ್ಲೇ ಕಲ್ಲಾಗುತ್ತದೆ, ಸೌಟು ಸಮೇತ. ಇಪ್ಪತ್ತೆರಡು ವರ್ಷ ಹೆದರಿದ್ದ ಆ ಎಣ್ಣೆಯ ಒಂದೇ ಹನಿಯನ್ನು ಬಟ್ಟಲಿಗೆ ಬಿಟ್ಟಳು. ಅದರ ಕೆಳಗೆ ದೇವದಾರು, ಮೇಲೆ ಕಿತ್ತಳೆ ಸಿಪ್ಪೆಯದು. ಮೂಸಿದಳು. ಮೊಣಕೈಗೆ ಮೂಗಿಟ್ಟಳು. ಮತ್ತೆ ಮೂಸಿದಳು. ಕಿತ್ತಳೆ ಇನ್ನೊಂದು ಹನಿ. ಪದ್ಯ ಓದುವವರು ಸಾಲಿನ ಕೊನೆಯಲ್ಲಿ ಉಸಿರು ಬಿಡುತ್ತಾರಲ್ಲ, ಹಾಗೆ ಕೈ ತಾನಾಗಿಯೇ ನಿಂತಿತು.

"ಸಾಕು" ಎಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿತು.

ಟೀಚರಮ್ಮ ಬಂದು ಮೂಸಿದಳು. ಒಂದು ಪಟ್ಟಿಯನ್ನು ಅದರಲ್ಲಿ ಅದ್ದಿ ತನ್ನ ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡಳು.

ಅಕ್ಕ ಈಗ ತಿರುಗಿದಳು. "ಹೇಗಿದೆ ಹೇಳು."

"ನನಗೆ ನಿನ್ನ ಹಾಗೆ ಹೇಳೋಕೆ ಬರಲ್ಲ."

"ಬಂದಷ್ಟು ಹೇಳು. ನಾನು ಜೋಡಿಸ್ಕೋತೀನಿ."

ತಂಗಿ ತಡವರಿಸಿದಳು. "ಒಲೆ ಆರಿದ ಮೇಲೂ ಅಡುಗೆಮನೆ ಬೆಚ್ಚಗಿರುತ್ತಲ್ಲ... ಯಾರೋ ಈಗ ತಾನೇ ಹಣ್ಣು ಸುಲಿದು ಹೋಗಿದ್ದಾರೆ. ನಮಗೂ ಎತ್ತಿಟ್ಟಿದ್ದಾರೆ."

ಅಕ್ಕ ಕಣ್ಣು ಮುಚ್ಚಿ ಕೇಳಿದಳು. "ಎತ್ತಿಟ್ಟಿದ್ದಾರೆ" ಎಂದು ಒಮ್ಮೆ ತನ್ನಲ್ಲೇ ಹೇಳಿಕೊಂಡಳು. "ಇದನ್ನ ಸೋಪಿನ ಚೀಟಿ ಮೇಲೆ ಹಾಕೋಣ. ಚುರ್ ಅಂತಿದೆ, ಲವಂಗ ಹಾಕಿದ್ದೀಯ ಅಲ್ವಾ? ಪಾಕಕ್ಕೆ ಹೇಗೆ ಸೇರಿಸೋದು ಅನ್ನೋದು ನನಗೆ ಬಿಡು. ತಣ್ಣಗೆ ಇಟ್ಟು, ಎಲ್ಲಕ್ಕಿಂತ ಕೊನೇಲಿ ಹಾಕಿದ್ರೆ ಆಗುತ್ತೋ ಏನೋ. ಎರಡು ಕಡಾಯಿ ಕಲ್ಲಾಗ್ಲಿ, ಮೂರನೇದಕ್ಕೆ ಬಗ್ಗುತ್ತೆ."

ಮೆಟ್ಟಿಲಿಳಿಯುವಾಗ ಅಕ್ಕನ ಫೋನ್ ಬಡಿದುಕೊಂಡಿತು. ಭಾವ. ನೆಲದ ಕೆಲಸ ಚುರುಕಾಗಿ ಸಾಗಿದೆ, ಸುಗಂಧದ ಎಣ್ಣೆಯವನು ಬಾಗಿಲಲ್ಲಿ ನಿಂತಿದ್ದಾನೆ, ಮುಂದಿನ ಸಲಕ್ಕೆ ಏನೇನು ಬೇಕು ಹೇಳು, ಬೇಗ ಹೇಳು.

"ನನ್ನ ಕೇಳ್ಬೇಡಿ" ಎಂದಳು ಅಕ್ಕ. "ಇನ್ಮೇಲೆ ಅದು ಪುಟ್ಟೀದು."

"ಯಾರು, ಮೌನಗೌರೀನಾ? ಅವಳು ಮಾತಾಡ್ತಾಳಾ?"

"ಮಾತಾಡ್ತಾಳಾ ಅಂತಾ? ಇವತ್ತು ನನಗೆ ಬಿದ್ದಿದ್ದು ನಿಮಗೆ ಬಿದ್ದಿದ್ರೆ ಗೊತ್ತಾಗ್ತಿತ್ತು. ತಗೊಳ್ಳೇ."

ಫೋನ್ ತಂಗಿಯ ಕೈಗೆ ಬಂತು. ಕೆಳಗೆ ಸೈಕಲ್ ಅಂಗಡಿಯವನು ಗಾಲಿಗೆ ಗಾಳಿ ತುಂಬುತ್ತಿದ್ದ. ಆ ಸದ್ದು ನಿಲ್ಲಲಿ ಎಂದು ತಂಗಿ ಒಂದು ಗಳಿಗೆ ಕಾದಳು, ಮತ್ತೆ ಕಾಯುವುದು ಬೇಡವೆನಿಸಿ ದನಿಯನ್ನೇ ಎತ್ತರಿಸಿದಳು.

"ಭಾವ, ಅವನನ್ನ ಒಳಗೆ ಕೂರಿಸಿ. ಒಂದೊಂದೇ ಶೀಸೆ ಹೆಸರು ಓದಿ, ನಾನು ಹೇಳ್ತೀನಿ."