ಹಸಿರಾಗಿ ಹೊಳೆದ ಕೊಬ್ಬು

ಉಡಿಗಾಲದ ಮರಿಯಯ್ಯ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಕುಡಿದವರಲ್ಲ. ಆದರೂ ಚಾಮರಾಜನಗರದಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಲಿವರಿನಲ್ಲಿ ಕೊಬ್ಬು ತುಂಬಿದೆ ಅಂದುಬಿಟ್ಟರು. ಊರಿನ ಲೆಕ್ಕದಲ್ಲಿ ಲಿವರು ಕೆಡುವುದು ಕುಡುಕರಿಗೆ ಮಾತ್ರ. ಹೆಂಡತಿ ಗುರುಮಲ್ಲಮ್ಮನ ಲೆಕ್ಕವೂ ಅದೇ. ಸಂತೆಗೆ ಹೋದಾಗ ಕದ್ದು ಕುಡಿಯುತ್ತಾರೆ ಎಂದು ತೀರ್ಮಾನಿಸಿ, ಗೋಪಾಲಸ್ವಾಮಿ ಬೆಟ್ಟಕ್ಕೆ ಬಂದು ಆಣೆ ಮಾಡಿ ಎಂದು ಪಟ್ಟು ಹಿಡಿದರು. ತಪ್ಪು ಮಾಡದವನು ಆಣೆ ಯಾಕೆ ಮಾಡಬೇಕು ಎಂದು ಮರಿಯಯ್ಯ ಒಪ್ಪಲಿಲ್ಲ. ಅಲ್ಲಿಗೆ ಗಂಡಹೆಂಡಿರ ಮಾತು ನಿಂತಿತು. ಹಟದಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು ಕಮ್ಮಿಯಿರಲಿಲ್ಲ.

ಮಗಳು ಭವ್ಯ ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಮಾಡುತ್ತಿದ್ದ ಕೆಲಸವೂ ಕೊಬ್ಬಿನದೇ. ತಟ್ಟೆಯಲ್ಲಿ ಬೆಳೆಸಿದ ಲಿವರಿನ ಜೀವಕೋಶಗಳಿಗೆ ಅವಳು ಒಂದು ಬಣ್ಣ ಹಾಕುತ್ತಾಳೆ. ಅದು ನೀರಿನಲ್ಲಿ ಮಂಕಾಗಿರುತ್ತದೆ. ಕೊಬ್ಬಿನ ಹನಿಗೆ ಸೇರಿದ ಮೇಲೆ ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಜೀವಕೋಶ ಸಾಯುವುದಿಲ್ಲ. ಹನಿಗಳು ಹುಟ್ಟುವುದನ್ನು, ಒಂದಕ್ಕೊಂದು ಕೂಡಿ ಉಬ್ಬುವುದನ್ನು ಕೂತು ನೋಡಬಹುದು. ಎಲ್ಲವೂ ಅವಳ ಪಿಎಚ್‌ಡಿಗಾಗಿ. ಅಪ್ಪ ಅವ್ವನ ಜಗಳಕ್ಕೆ ಬೇಕಾದೀತೆಂದು ಅವಳ ಗೈಡ್ ಕೂಡ ಎಣಿಸಿರಲಿಲ್ಲ.

ಭಾನುವಾರ ಊರಿಗೆ ಬಂದವಳು ಅವ್ವನನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಎರಡು ಫೋಟೋ ತೋರಿಸಿದಳು. ಒಂದು ತಟ್ಟೆಯ ಜೀವಕೋಶಗಳಿಗೆ ಮದ್ಯಸಾರ ಕೊಟ್ಟಿದ್ದೆ, ಇನ್ನೊಂದಕ್ಕೆ ಬರೀ ಸಕ್ಕರೆ, ಕುಡಿತದ್ದು ಯಾವುದು ಹೇಳು ಎಂದಳು. ಗುರುಮಲ್ಲಮ್ಮ ಕನ್ನಡಕ ಹಾಕಿಕೊಂಡು, ಹಸಿರು ಹನಿಗಳು ಕಿಕ್ಕಿರಿದಿದ್ದ ಫೋಟೋದ ಮೇಲೆ ಧೈರ್ಯವಾಗಿ ಬೆರಳಿಟ್ಟರು.

"ಅದು ಸಕ್ಕರೇದು ಕಣವ್ವ," ಎಂದಳು ಭವ್ಯ.

ಇದು ಅಪ್ಪನ ಲಿವರಲ್ಲ, ಆದರೆ ಕುಡಿಯದವರಿಗೂ ಹೀಗೆ ಕೊಬ್ಬು ತುಂಬುತ್ತದೆ ಎಂದು ಬಿಡಿಸಿ ಹೇಳಿದಳು. ಗುರುಮಲ್ಲಮ್ಮ ಎರಡೂ ಫೋಟೋಗಳನ್ನು ಮತ್ತೆ ಮತ್ತೆ ನೋಡಿದರು. ಅವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಮಾತು ಬಿಟ್ಟದ್ದು ಇನ್ನು ಸಾಕು ಎನ್ನುವ ನೆಮ್ಮದಿಯಾಯಿತು. ಎದ್ದು ಹಿತ್ತಲಿಗೆ ಹೋದರು. ಮರಿಯಯ್ಯ ಬಿತ್ತನೆಗೆಂದು ಅರಿಶಿನದ ಗೆಡ್ಡೆ ಆರಿಸುತ್ತಿದ್ದರು.

"ಆಣೆ ಗೀಣೆ ಬ್ಯಾಡ ಬುಡಿ. ಪುಟ್ಟಿ ಯಾವ್ದೋ ಲಿವರಿನ ಫೋಟೋ ತೋರುಸುದ್ಲು. ನೀವು ಕುಡ್ದಿಲ್ಲ ಅಂತ ಗೊತ್ತಾಯ್ತು."

ಮರಿಯಯ್ಯ ಕೈಲಿದ್ದ ಗೆಡ್ಡೆ ಕೆಳಗಿಟ್ಟರು. ಅವರಿಗೆ ಸಿಟ್ಟಿರಲಿಲ್ಲ, ಗೆದ್ದ ಖುಷಿಯೂ ಇರಲಿಲ್ಲ.

"ಯಾರ್ದೋ ಲಿವರಿನ ಫೋಟೋ ನೋಡಿ ನಂಬ್ಬುಟ್ಟೆ. ಇಷ್ಟ್ ವರ್ಸ ನನ್ ಮೊಕ ನೋಡ್ಕಂಡೇ ಬಾಳ್ದೆ, ನನ್ನ ನಂಬ್ನಿಲ್ವಲ್ಲ."